ನಡುವಿನ ಮೂರು

ಅಣ್ಣ ಕಾರು ಹತ್ತಿದರೆ ಸೀಟ್ ಬೆಲ್ಟ್ ಹಾಕಿಕೊಳ್ಳುವ ಮೊದಲು ಡ್ಯಾಶ್‌ಬೋರ್ಡನ್ನು ಎರಡು ಬೆರಳಿನಿಂದ ತಟ್ಟಿ ನೋಡುತ್ತಿದ್ದ, ಅಂಗಡಿಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವವರ ಹಾಗೆ. ನನ್ನ ಹಳೆಯ ಕಾರಿನ ಡ್ಯಾಶ್‌ಬೋರ್ಡು ಚೆನ್ನಾಗಿ ನುಡಿಯುತ್ತದೆ ಎಂಬುದು ಅವನ ಅಭಿಪ್ರಾಯವಾಗಿತ್ತು. "ಎಂಜಿನ್ ಹೋದ್ರೂ ಇದನ್ನು ಮಾರ್ಬೇಡ ಮಾರಾಯ್ತಿ. ಚರ್ಮ ಒಳ್ಳೆದುಂಟು" ಎನ್ನುತ್ತಿದ್ದ.

ಕಾರಿನಲ್ಲಿ ಅವನಿಗೆ ಆಗದ ವಸ್ತುವೆಂದರೆ ಟರ್ನ್ ಸಿಗ್ನಲ್. ಟಿಕ್ ಟಿಕ್ ಎಂದು ಅದು ಶುರುವಾದರೆ ಮುಖ ಕಿವುಚುತ್ತಿದ್ದ. "ಬರೀ ಎರಡರ ತಾಳ. ಇಷ್ಟು ದೊಡ್ಡ ದೇಶ, ಒಂದು ಮೂರು ಸೇರಿಸ್ಲಿಕ್ಕೆ ಆಗ್ಲಿಲ್ಲ ಇವರಿಗೆ." ನಮ್ಮ ಮನೆಯ ವಾಷಿಂಗ್ ಮಷಿನ್ ಮಾತ್ರ ಅವನ ಮೆಚ್ಚಿನದು. ಬಟ್ಟೆ ಒಂದೇ ಕಡೆ ಸೇರಿ ಅದು ಕುಂಟಲು ತೊಡಗಿದರೆ, ಕೆಮ್ಮುತ್ತಲೇ ಎದ್ದು ಬಂದು ಅದರ ಮುಂದೆ ನಿಲ್ಲುತ್ತಿದ್ದ. "ನಿಲ್ಲಿಸ್ಬೇಡ, ನಿಲ್ಲಿಸ್ಬೇಡ. ಹನ್ನೊಂದು ಉಂಟು ಇದ್ರಲ್ಲಿ."

ಅವನ ಬಗ್ಗೆ ಬರೆಯುವವರು ಬೇರೆ ಯಾರಾದರೂ ಇದ್ದಿದ್ದರೆ ನಾನು ಬರೆಯುತ್ತಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇಲ್ಲಿ ಸ್ಯಾನ್ ಡಿಯೇಗೊದಲ್ಲಿ ಕನ್ನಡದವರ ಮನೆಗಳಿಗೆ ಚಪಾತಿ, ಪಲ್ಯ ಮಾಡಿ ಕೊಡುತ್ತೇನೆ. ನನ್ನ ಗಂಡ ಟೊರ್ರಿ ಪೈನ್ಸ್‌ನ ಒಂದು ಸಂಶೋಧನಾ ಕಟ್ಟಡದ ಕ್ಯಾಂಟೀನಿನಲ್ಲಿ ಅಡುಗೆಯವರು. ಬರೆಯುವುದು ನನ್ನ ಕೆಲಸವಲ್ಲ. ಆದರೆ ನಾನು ಒಂದು ಸಲ ಅಣ್ಣನ ಬಗ್ಗೆ ಬಾಯಿಮಾತಿನಲ್ಲಿ ಹೇಳಿದ್ದು ಅಚ್ಚಾಗಿದೆ. ಅದು ಸುಳ್ಳು. ಅದಕ್ಕೆ ಈ ಸಲ ನಾನೇ ಬರೆಯುತ್ತಿದ್ದೇನೆ. ಇಲ್ಲಿ ಅವನ ಹೆಸರು ಬರುವುದಿಲ್ಲ. ಹಿರಿಯರನ್ನು ಹೆಸರು ಹಿಡಿದು ಕರೆಯುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ. ಹುಟ್ಟಿದಂದಿನಿಂದ ನನಗೆ ಅವನು ಅಣ್ಣ, ಅಷ್ಟೇ.

ನಮ್ಮದು ಕರಾವಳಿಯಲ್ಲಿ ಮದುವೆ ಮುಂಜಿಗಳಿಗೆ ವಾದ್ಯ ನುಡಿಸುವ ಮನೆ. ಅಪ್ಪ ನಾಗಸ್ವರದಿಂದ ಸ್ಯಾಕ್ಸೋಫೋನಿಗೆ ಬಂದವರು. ಅಣ್ಣ ಹುಟ್ಟುವ ಹೊತ್ತಿಗೆ ಮನೆಯಲ್ಲಿ ಸ್ಯಾಕ್ಸೋಫೋನ್ ಮಾತ್ರ ಇತ್ತು. ಅಪ್ಪ ಅವನಿಗೆ ಊದಲು ಕಲಿಸಿದರು. ನನಗೆ ಕಲಿಸಲಿಲ್ಲ. ಹೆಣ್ಣುಮಕ್ಕಳು ಊದಿದರೆ ಹೊಟ್ಟೆಗೆ ಕೆಟ್ಟದು ಎಂದು ಅಜ್ಜಿ ಹೇಳಿದ್ದರು, ಅಪ್ಪ ಅದನ್ನು ಅನುಕೂಲಕ್ಕೆ ನಂಬಿದರು. ಆದರೆ ಪಾಠ ನಡೆಯುವಾಗ ತಾಳ ಹಾಕಲು ಒಬ್ಬರು ಬೇಕಲ್ಲ. ಅದಕ್ಕೆ ನಾನು. ಅಣ್ಣ ತಪ್ಪಿದರೆ ಅಪ್ಪ ಅವನಿಗೆ ಹೊಡೆಯುವ ಮೊದಲು ನನ್ನ ಕೈ ನೋಡುತ್ತಿದ್ದರು. ನನ್ನ ಕೈ ಸರಿಯಿದ್ದರೆ ಹೊಡೆತ ಅಣ್ಣನಿಗೆ. ನನ್ನ ಕೈ ಯಾವಾಗಲೂ ಸರಿಯಿರುತ್ತಿತ್ತು.

ಅಪ್ಪನಿಗೆ ಒಂದು ಕಟ್ಟುನಿಟ್ಟು ಇತ್ತು. ಯಾರಾದರೂ "ಭಾರಿ ಚೆಂದ ಉಂಟು, ಇದು ನಿಮ್ಮದೇ?" ಎಂದು ಕೇಳಿದರೆ ಕಿವಿಯ ತುದಿ ಮುಟ್ಟಿಕೊಂಡು "ಹಿರಿಯರದ್ದು" ಎನ್ನಬೇಕು. ಸ್ವಂತ ಕಟ್ಟಿದ್ದಾದರೂ ಅಷ್ಟೇ. "ನನ್ನದು" ಎಂದರೆ ನಾಲಿಗೆಗೆ ಬಿಸಿ ಮುಟ್ಟಿಸುತ್ತೇನೆ ಎನ್ನುತ್ತಿದ್ದರು. ಅಣ್ಣ ಅಮೆರಿಕಕ್ಕೆ ಬಂದರೂ ಇದನ್ನು ಬಿಡಲಿಲ್ಲ. ಲಾಸ್ ಏಂಜಲಿಸ್ ಕಡೆಯ ಒಂದು ದೇವಸ್ಥಾನದವರು ಪೂಜೆಗೆ ನುಡಿಸಲು ಅವನನ್ನು ಕರೆಸಿಕೊಂಡಿದ್ದರು. ಅಲ್ಲಿ ಯಾರೋ ಡಾಕ್ಟರ್ ಅಂಕಲ್ "ಎಷ್ಟು ಚೆನ್ನಾಗಿ ನುಡಿಸ್ತೀರ ರೀ" ಎಂದರೆ ಅವರಿಗೂ ಕಿವಿ ಮುಟ್ಟಿ ತೋರಿಸುತ್ತಿದ್ದ. ಅವರು ಇವನಿಗೆ ಕಿವಿನೋವು ಎಂದುಕೊಂಡು ಮಾತ್ರೆ ಕೊಟ್ಟ ಕತೆಯೂ ಇದೆ.

ಜಾಜ್ ಬ್ಯಾಂಡಿಗೆ ಅವನು ಹೋಗಿ ಸೇರಿದ್ದು ೨೦೨೦ರ ಮೊದಲ ತಿಂಗಳಿನಲ್ಲಿ. ಲಾಂಗ್ ಬೀಚಿನಲ್ಲಿ ಒಂದು ರೂಮು ಬಾಡಿಗೆ ಹಿಡಿದಿದ್ದ. ಭಾನುವಾರ ಬಟ್ಟೆ ಒಗೆಸಲು ಲಾಂಡ್ರಿಗೆ ಹೋಗುವಾಗ ದಾರಿಯ ಬದಿಯ ಒಂದು ಕಮ್ಯುನಿಟಿ ಹಾಲಿನ ಕಿಟಕಿಯಿಂದ ಏಳು ಕೇಳಿತಂತೆ. ಹಾಡು ಕೇಳಿತು ಎಂದು ಅವನು ಹೇಳಲಿಲ್ಲ, ಏಳು ಕೇಳಿತು ಎಂದ. ಬಟ್ಟೆಯ ಚೀಲ ಹಿಡಿದುಕೊಂಡೇ ಒಳಗೆ ಹೋದ. ಹದಿನೇಳು ಜನರ ಬ್ಯಾಂಡು. ಸ್ಯಾಕ್ಸೋಫೋನ್ ಐದು, ಟ್ರಂಪೆಟ್ ನಾಲ್ಕು, ಟ್ರಾಂಬೋನ್ ನಾಲ್ಕು, ಮತ್ತೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಮು. ಹೆಚ್ಚಿನವರು ರಿಟೈರ್ ಆದವರು. ನಡೆಸುವವರು ಬಲ್ಗೇರಿಯಾದಿಂದ ಬಂದ ಮುದುಕರು. ಬಂದರಿನಲ್ಲಿ ಕ್ರೇನು ರಿಪೇರಿ ಮಾಡಿ ನಿವೃತ್ತರಾದವರು. ನಾನು ಅವರನ್ನು ಮಾಸ್ತರು ಎಂದೇ ಕರೆಯುತ್ತೇನೆ.

ಜಾಜ್ ಬ್ಯಾಂಡುಗಳು ಸಾಮಾನ್ಯವಾಗಿ ನಾಲ್ಕರಲ್ಲಿ ನಡೆಯುತ್ತವೆ. ಮಾಸ್ತರು ತಮ್ಮ ಹಳ್ಳಿಯ ಕುಣಿತದ ಲೆಕ್ಕವನ್ನು ಈ ಅಮೆರಿಕದ ಮುದುಕರಿಗೆ ಕಲಿಸಲು ಹಟ ಹಿಡಿದಿದ್ದರು. ಅವರ ಏಳು ಎಂದರೆ ಎರಡು, ಎರಡು, ಮೂರು. ಎರಡು ಹಗುರ ಹೆಜ್ಜೆ, ಕಡೆಗೆ ಒಂದು ಭಾರದ ಹೆಜ್ಜೆ. ನಮ್ಮ ಮಿಶ್ರಛಾಪು ತಾಳವೂ ಏಳೇ. ಆದರೆ ನಮ್ಮಲ್ಲಿ ಮೂರು ಮೊದಲು ಬರುತ್ತದೆ: ತಕಿಟ ತಕ ದಿಮಿ. ಅಣ್ಣ ಬಾಗಿಲಲ್ಲಿ ನಿಂತು ತನ್ನ ಅಭ್ಯಾಸದಂತೆ ಮೂರರಿಂದ ಹಿಡಿದು ಚಪ್ಪಾಳೆ ಹಾಕಿದ. ಡ್ರಮ್ಮಿನವನಿಗೆ ಗಲಿಬಿಲಿಯಾಯಿತು, ಅವನ ಹಿಂದೆ ಟ್ರಾಂಬೋನಿನವರೂ ಬಿದ್ದರು. ಮಾಸ್ತರು ಎಲ್ಲರನ್ನೂ ನಿಲ್ಲಿಸಿ, ಬಟ್ಟೆಚೀಲದ ಈ ಮನುಷ್ಯನನ್ನು ದಿಟ್ಟಿಸಿ ನೋಡಿದರು.

"ನೀನು ಬಸ್ಸನ್ನು ಹಿಂದಿನ ಬಾಗಿಲಿಂದ ಹತ್ತಿದ್ದೀ" ಎಂದರಂತೆ. ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಣ್ಣ ಹೇಳಿದನಂತೆ: "ನಮ್ಮೂರಲ್ಲಿ ಅದೇ ಮುಂದಿನ ಬಾಗಿಲು."

ಮುಂದಿನ ಭಾನುವಾರ ಅವನು ಸ್ಯಾಕ್ಸೋಫೋನ್ ಹಿಡಿದುಕೊಂಡು ಹೋದ. ಒಂದು ಕುರ್ಚಿ ಖಾಲಿಯಿತ್ತು.

ಎರಡು ತಿಂಗಳಿಗೆ ಲಾಕ್‌ಡೌನ್ ಬಂತು. ದೇವಸ್ಥಾನ ಮುಚ್ಚಿತು, ಹಾಲೂ ಮುಚ್ಚಿತು. ಕಂಪ್ಯೂಟರಿನಲ್ಲಿ ಸೇರಿ ನುಡಿಸಲು ನೋಡಿದರು. ಒಬ್ಬರ ಏಳು ಇನ್ನೊಬ್ಬರಿಗೆ ಮುಟ್ಟುವಾಗ ಎಂಟಾಗುತ್ತಿತ್ತು. ಕಡೆಗೆ ಹಾಲಿನ ಪಾರ್ಕಿಂಗ್ ಲಾಟಿನಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು ಕುಳಿತರು. ವಾದ್ಯಗಳ ಬಾಯಿಗೂ ಮಾಸ್ಕು ಕಟ್ಟಬೇಕು ಎಂದು ಒಂದು ನಿಯಮ ಮಾಡಿಕೊಂಡಿದ್ದರು. ಅಣ್ಣ ಫೋನು ಮಾಡಿ "ಹದಿಮೂರು ಬೇಕು, ಹೊಲಿದು ಕೊಡ್ತೀಯ?" ಎಂದ. ನಾನು ಹಳೆಯ ರವಿಕೆ ಬಟ್ಟೆಗಳಿಂದ ಹೊಲಿದು ಕೊಟ್ಟೆ. ಬಿಳಿ ಗಡ್ಡದ ಟ್ರಾಂಬೋನಿನವರೆಲ್ಲ ನನ್ನ ಜರಿ ಅಂಚಿನ ತುಂಡುಗಳನ್ನು ಕಟ್ಟಿಕೊಂಡು ಊದುವ ಫೋಟೊ ಕಳಿಸಿದ. ಕೆಳಗೆ ಬರೆದಿದ್ದ: "ನಿನ್ನ ಮದುವೆಗೆ ಸಹ ಇಷ್ಟು ಜನ ಬಂದಿರ್ಲಿಲ್ಲ."

ಆ ಚಳಿಗಾಲದಲ್ಲಿ ಅವನಿಗೆ ಕೋವಿಡ್ ಆಯಿತು. ಬದುಕಿದ. ಆದರೆ ಉಸಿರು ತಿರುಗಿ ಬರಲಿಲ್ಲ. ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಕರೆದುಕೊಂಡು ಬಂದೆವು. ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಮುಂದಿನ ಕೋಣೆಯಲ್ಲಿ ಆಮ್ಲಜನಕದ ಮಷಿನ್ ಗುರುಗುಡುತ್ತಿತ್ತು. ಅದರಲ್ಲೂ ಅವನು ಲೆಕ್ಕ ಹುಡುಕಿದ, ಸಿಕ್ಕಲಿಲ್ಲ. ಸ್ಯಾಕ್ಸೋಫೋನನ್ನು ಒಮ್ಮೆ ಬಾಯಿಗಿಟ್ಟ. ಒಂದು ಸ್ವರ ಅರ್ಧ ಬಂದು ನಿಂತಿತು. ಅದನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಮತ್ತೆ ತೆಗೆಯಲಿಲ್ಲ. ಆದರೆ ಆ ಸ್ಯಾಕ್ಸೋಫೋನಿನ ಬಿದಿರಿನಂಥ ಪಟ್ಟಿಯನ್ನು, ರೀಡ್ ಎನ್ನುತ್ತಾರೆ, ಬಾಯಲ್ಲಿ ಇಟ್ಟುಕೊಂಡೇ ಇರುತ್ತಿದ್ದ. ಮಾತಾಡುವಾಗಲೂ ಅದು ಕೆನ್ನೆಯ ಮೂಲೆಯಲ್ಲಿ ಇರುತ್ತಿತ್ತು. ಅದರಿಂದ ಅವನ ಮಾತೆಲ್ಲ ಎಲೆ ಅಡಿಕೆ ಹಾಕಿಕೊಂಡವರ ಮಾತಿನ ಹಾಗೆ ಕೇಳುತ್ತಿತ್ತು.

ಊದಲು ಆಗದಿದ್ದರೂ ಬ್ಯಾಂಡಿಗೆ ಹೋಗಬೇಕು ಎಂದು ಹಟ. ಪ್ರತಿ ಭಾನುವಾರ ಗಂಡನನ್ನು ಟೊರ್ರಿ ಪೈನ್ಸ್‌ನಲ್ಲಿ ಇಳಿಸಿ, ಫೈವ್ ಹೆದ್ದಾರಿ ಹಿಡಿದು, ನಾನು ಅವನನ್ನು ಲಾಂಗ್ ಬೀಚಿಗೆ ಕರೆದೊಯ್ಯುತ್ತಿದ್ದೆ. ಸುಮಾರು ಎರಡು ಗಂಟೆಯ ದಾರಿ. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಹೋದೆವು. ದಾರಿಯುದ್ದಕ್ಕೂ ಅವನು ಡ್ಯಾಶ್‌ಬೋರ್ಡು ತಟ್ಟುತ್ತಿದ್ದ, ನಾನು ಸ್ಟಿಯರಿಂಗಿನ ಮೇಲೆ ಹೆಬ್ಬೆರಳಿನಿಂದ ತಾಳ ಹಾಕುತ್ತಿದ್ದೆ. ನಲವತ್ತು ವರ್ಷದ ಮೇಲೆ ಮತ್ತೆ ಅದೇ ಪಾಠ. ಅಪ್ಪ ಇರಲಿಲ್ಲ, ಅಷ್ಟೇ.

ಒಂದು ಭಾನುವಾರ, ಓಷನ್‌ಸೈಡ್ ದಾಟಿದ ಮೇಲೆ ಮಿಲಿಟರಿಯವರ ಖಾಲಿ ಜಾಗ ಬರುತ್ತದಲ್ಲ, ಎಡಗಡೆ ಸಮುದ್ರ ಮಾತ್ರ ಕಾಣುವಲ್ಲಿ, ಅಣ್ಣ ತಟ್ಟುವುದನ್ನು ನಿಲ್ಲಿಸಿದ.

"ಒಂದು ವಿಷಯ ಉಂಟು. ಅವರ ಏಳು, ನಮ್ಮ ಏಳು ಎರಡನ್ನೂ ಒಂದರಲ್ಲೇ ಹೇಳ್ಬಹುದಾ?"

"ಹದಿನಾಲ್ಕು ಆಗ್ತದೆ."

"ಆಗುದಿಲ್ಲ. ಹನ್ನೊಂದೇ ಸಾಕು. ಕೇಳು." ತಟ್ಟಿದ. ತಕ ದಿಮಿ ತಕಿಟ ತಕ ದಿಮಿ. "ಮೊದಲಿಂದ ಏಳು ಎಣಿಸು. ತಕ ದಿಮಿ ತಕಿಟ. ಅವರದ್ದು ಬಂತಾ? ಈಗ ಕಡೆಯ ಏಳು ಎಣಿಸು. ತಕಿಟ ತಕ ದಿಮಿ. ನಮ್ಮದು. ನಡುವಿನ ಮೂರು ಉಂಟಲ್ಲ, ಅದು ಇಬ್ಬರದ್ದೂ."

ನಾನು ಸ್ಟಿಯರಿಂಗಿನ ಮೇಲೆ ಹಾಕಿ ನೋಡಿದೆ. ಹೌದಾಗಿತ್ತು. ಅವರ ಹನ್ನೊಂದು ಹೊಸತೇನಲ್ಲ, ಮಾಸ್ತರ ಹಳ್ಳಿಯಲ್ಲಿ ಅದಕ್ಕೆ ಕುಣಿಯುತ್ತಾರಂತೆ. ಆದರೆ ಅದರ ಬಾಲದಲ್ಲಿ ನಮ್ಮ ಏಳು ಮಲಗಿದೆ ಎಂದು ಕಂಡವನು ಇವನೊಬ್ಬ. ಆ ಮೂರರ ಮೇಲೆ ನಿಂತುಕೊಂಡು ಬ್ಯಾಂಡು ಅವರ ದಾರಿಯಿಂದ ನಮ್ಮ ದಾರಿಗೆ ತಿರುಗುವಂತೆ ಅವನು ಒಂದು ಇಡೀ ರಚನೆ ಕಟ್ಟಿದ. ಅರ್ಧ ಬ್ಯಾಂಡು ಅವರ ಏಳನ್ನು ಹಿಡಿದಿರುತ್ತದೆ, ಇನ್ನರ್ಧ ನಮ್ಮದನ್ನು, ಮೂರರಲ್ಲಿ ಇಬ್ಬರೂ ಸೇರುತ್ತಾರೆ. ನನ್ನ ಮಗಳ ಶಾಲೆಯ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ತಕಿಟ, ದಿಮಿ, ಸರಿಗಮ ಎಂದು ಬರೆದುಕೊಂಡ. ಹಾಲಿನಲ್ಲಿ ಕುಳಿತು ಬಾಯಲ್ಲಿ ಹೇಳುತ್ತ ಹೋದ. ಮಾಸ್ತರು ಅದನ್ನು ತಮ್ಮ ಗೆರೆಯ ಸ್ವರಲಿಪಿಗೆ ಇಳಿಸಿ ಹದಿನೇಳು ಜನರಿಗೆ ಹಂಚಿದರು. ಮಾಸ್ತರು ನಡುನಡುವೆ "ಇದು ನಿನ್ನದೋ, ಹಳೆಯದೋ?" ಎಂದು ಕೇಳಿದರೆ ಇವನು ಕಿವಿ ಮುಟ್ಟಿಕೊಂಡು ನಗುತ್ತಿದ್ದ.

ಬ್ಯಾಂಡಿನವರಿಗೆ ಆ ಮೂರು ಸಿಕ್ಕುತ್ತಿರಲಿಲ್ಲ. ಬಂದಷ್ಟು ಬೇಗ ದಾಟಿಬಿಡುತ್ತಿದ್ದರು. "ಮೂರನ್ನು ಅವಸರ ಮಾಡ್ಬಾರ್ದು" ಎಂದು ಅಣ್ಣ ಮೂಲೆಯಿಂದ ಗೊಣಗುತ್ತಿದ್ದ. "ಮನೆಗೆ ಹೋಗಿ ಗ್ಯಾಸ್ ಆಫ್ ಮಾಡ್ಲಿಕ್ಕುಂಟಾ ಇವರಿಗೆ?" ಒಂದು ದಿನ ನಾನು ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ಅಲ್ಲೇ ಕುಳಿತಿದ್ದವಳು ತಡೆಯಲಾರದೆ ಚಪ್ಪಾಳೆ ಹಾಕಿ ತೋರಿಸಿದೆ. ಡ್ರಮ್ಮಿನವನು ನನ್ನ ಕೈ ನೋಡಿ ಹಿಡಿದುಕೊಂಡ. ಬ್ಯಾಂಡು ಮೊದಲ ಸಲ ಬೀಳದೆ ಕಡೆಯವರೆಗೆ ಹೋಯಿತು. ಅಂದಿನಿಂದ ನನ್ನ ಕುರ್ಚಿಯನ್ನು ಡ್ರಮ್ಮಿನ ಪಕ್ಕಕ್ಕೆ ಹಾಕಿದರು. ಮನೆಯಲ್ಲಿ ಒಮ್ಮೆಯೂ ಸಿಕ್ಕದ ಕುರ್ಚಿ ಅದು. ಇದನ್ನು ನಾನು ಅಣ್ಣನಿಗೆ ಹೇಳಲಿಲ್ಲ. ಅವನಿಗೆ ಗೊತ್ತಿರಬಹುದು ಎಂದುಕೊಂಡಿದ್ದೆ.

ಈ ರಚನೆಯನ್ನೂ ಸೇರಿಸಿ ಒಂದು ಡಿಸ್ಕ್ ಮಾಡುವುದು ಎಂದು ಬ್ಯಾಂಡಿನವರು ತೀರ್ಮಾನಿಸಿದರು. ರೆಕಾರ್ಡಿಂಗಿಗೆ ಎರಡು ವಾರ ಇತ್ತು. ತಿರುಗಿ ಬರುವ ದಾರಿಯಲ್ಲಿ, ಅದೇ ಸಮುದ್ರ ಬಲಗಡೆಗೆ ಬಂದಾಗ, ಅಣ್ಣ ರೀಡನ್ನು ಬಾಯಿಂದ ತೆಗೆದ. ಅದನ್ನು ತೆಗೆದರೆ ಏನೋ ಗಂಭೀರದ ಮಾತು ಎಂದು ಅರ್ಥ.

"ನಗ್ಬೇಡ. ಒಂದು ಹೇಳ್ತೇನೆ."

"ಹೇಳು."

"ಇಷ್ಟು ವರ್ಷ ನುಡ್ಸಿದ್ದೆಲ್ಲ ಹಿರಿಯರದ್ದೇ. ಇದೊಂದು ಮಾತ್ರ ನಂದು."

ನಾನು ನಗಲಿಲ್ಲ.

"ಡಿಸ್ಕಿನಲ್ಲಿ ಹೆಸರು ಹಾಕ್ತಾರಲ್ಲ ಯಾರು ಕಟ್ಟಿದ್ದು ಅಂತ. ನಂದು ಹಾಕ್ಲಿಕ್ಕೆ ಹೇಳ್ಬೇಕು ಅಂತ ಉಂಟು. ನನಗೆ ಬಾಯಿ ಬರುದಿಲ್ಲ. ಅಪ್ಪ ಹಿಂದೆ ನಿಂತ ಹಾಗೆ ಆಗ್ತದೆ. ನೀನು ಹೇಳ್ತೀಯ ಮಾಸ್ತರಿಗೆ?"

"ಹೇಳ್ತೇನೆ. ಅದಕ್ಕೆಂತ."

"ಉಸಿರಿದ್ರೆ ಇನ್ನೊಂದು ಕಟ್ತಿದ್ದೆ. ಇನ್ನು ಆಗುದಿಲ್ಲ. ಇದೇ." ಅವನು ರೀಡನ್ನು ತಿರುಗಿ ಬಾಯಿಗೆ ಹಾಕಿಕೊಂಡ.

ಅವನು ಜೀವಮಾನದಲ್ಲಿ ನನ್ನಿಂದ ಕೇಳಿಕೊಂಡದ್ದು ಅದೊಂದೇ. ರವಿಕೆ ಬಟ್ಟೆಯ ಮಾಸ್ಕು ಬಿಟ್ಟರೆ.

ಮರುವಾರದ ಅಭ್ಯಾಸ ಮುಗಿದ ಮೇಲೆ ಎಲ್ಲರೂ ಪೇಪರ್ ಕಪ್ಪಿನಲ್ಲಿ ಕಾಫಿ ಕುಡಿಯುತ್ತಿದ್ದರು. ಡ್ರಮ್ಮಿನವನು ಬಂದು ನನ್ನ ಹೆಗಲು ತಟ್ಟಿ ಅಣ್ಣನಿಗೆ ಹೇಳಿದ: "ನಿನ್ನ ತಂಗಿ ದೊಡ್ಡ ಮ್ಯುಸಿಷಿಯನ್. ನಿನಗಿಂತ ಗಟ್ಟಿ."

ಅಣ್ಣ ನಕ್ಕ. ಕೆಟ್ಟ ಮನಸ್ಸಿನ ನಗುವಲ್ಲ. ನಕ್ಕು ಅವನ ಹರಕು ಇಂಗ್ಲಿಷಿನಲ್ಲಿ ಹೇಳಿದ: "ಶೀ? ನೋ, ನೋ. ನಾಟ್ ಮ್ಯುಸಿಷಿಯನ್. ಓನ್ಲಿ ಕೌಂಟಿಂಗ್."

ಎಲ್ಲರೂ ನಕ್ಕರು. ನಾನೂ ನಕ್ಕೆ. ಫ್ಲಾಸ್ಕಿನ ಮುಚ್ಚಳ ಹಾಕಿದೆ, ಅದು ಒಂದೇ ಸಲಕ್ಕೆ ಕೂತುಕೊಳ್ಳಲಿಲ್ಲ. ಆ ದಿನ ಎರಡು ಗಂಟೆ ನಾನು ಸ್ಟಿಯರಿಂಗಿನ ಮೇಲೆ ಹೆಬ್ಬೆರಳು ಆಡಿಸಲಿಲ್ಲ. ಅವನಿಗೆ ಅದು ತಿಳಿಯಲೂ ಇಲ್ಲ. ನಿದ್ದೆ ಹೋಗಿದ್ದ.

ರೆಕಾರ್ಡಿಂಗಿನ ದಿನ ಅವನಿಗೆ ಜ್ವರ. ನಾನೊಬ್ಬಳೇ ಹೋದೆ, ಚಪ್ಪಾಳೆ ಹಾಕಿ ಕೊಟ್ಟೆ. ಮುಗಿದ ಮೇಲೆ ಮಾಸ್ತರು ಒಂದು ಫಾರಂ ಹಿಡಿದು, ಕನ್ನಡಕ ಮೂಗಿಗೆ ಇಳಿಸಿ, ನನ್ನೆದುರು ಕುಳಿತರು.

"ಇದನ್ನು ತುಂಬಬೇಕು. ನಿನ್ನ ಅಣ್ಣನನ್ನು ಕೇಳಿದರೆ ಕಿವಿ ಮುಟ್ಟಿಕೊಳ್ಳುತ್ತಾನೆ. ನೀನು ಹೇಳು. ಈ ಹನ್ನೊಂದು ಯಾರದ್ದು? ಅವನೇ ಕಟ್ಟಿದ್ದೋ, ನಿಮ್ಮಲ್ಲಿ ಮೊದಲೇ ಇದ್ದದ್ದೋ?"

ಹೇಳಬೇಕಾದದ್ದು ಒಂದು ಹೆಸರು. ನಾನು ಹೇಳಿದೆ: "ಓಲ್ಡ್. ಅವರ್ ಫಾದರ್, ಗ್ರ್ಯಾಂಡ್‌ಫಾದರ್. ಎವ್ರಿಬಡಿ ಪ್ಲೇ."

ಅವರು ಪೆನ್ನು ಎತ್ತಿ ಹಿಡಿದೇ ನನ್ನ ಮುಖ ನೋಡಿದರು. "ಶೂರ್?"

"ಶೂರ್."

"ನಾನೂ ಹಾಗೇ ಅಂದುಕೊಂಡಿದ್ದೆ. ಇಷ್ಟು ಚೆನ್ನಾಗಿರುವುದು ಒಬ್ಬ ಮನುಷ್ಯ ಕಟ್ಟಲು ಆಗುವುದಿಲ್ಲ. ಅದಕ್ಕೆ ನೂರು ವರ್ಷ ಬೇಕು" ಎಂದು ಅವರು ಫಾರಮ್ಮಿನಲ್ಲಿ 'ಟ್ರಡಿಷನಲ್' ಎಂದು ಬರೆದರು. ಅವರ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆಮೇಲೆ ವಾದಕರ ಖಾನೆ ತೋರಿಸಿ ನನ್ನ ಹೆಸರಿನ ಸ್ಪೆಲಿಂಗ್ ಕೇಳಿದರು. ಹೇಳಿದೆ. ಅದಕ್ಕೆ ನನಗೆ ಬಾಯಿ ಬಂತು.

ಅಪ್ಪ ಕಲಿಸಿದ ನಡತೆಯಂತೆ ಹೇಳಿದೆ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅಣ್ಣನೂ ಬೇರೆ ಎಲ್ಲದಕ್ಕೂ ಹಾಗೇ ಹೇಳುತ್ತಿದ್ದನಲ್ಲ. ಆದರೆ ನನಗೆ ಗೊತ್ತಿತ್ತು. ನನ್ನ ಕೈ ಯಾವಾಗಲೂ ಸರಿಯಿರುತ್ತದೆ. ಹೊಡೆತ ಯಾರಿಗೆ ಬೀಳುತ್ತದೆ ಎಂಬುದು ಚಿಕ್ಕಂದಿನಿಂದ ಗೊತ್ತು. ಮನೆಗೆ ಬಂದಾಗ ಅವನು ಹಾಸಿಗೆಯಿಂದಲೇ ಕೇಳಿದ: "ಹೇಳಿದ್ಯಾ?"

"ಹೇಳಿದೆ."

"ಎಂತ ಅಂದ್ರು?"

"ಖುಷಿ ಆಯ್ತು ಅವರಿಗೆ."

ಇದು ಸುಳ್ಳೂ ಅಲ್ಲ.

ಕೆಲವು ತಿಂಗಳ ಮೇಲೆ ಅಂಚೆಯಲ್ಲಿ ಡಿಸ್ಕ್ ಬಂತು. ಮಧ್ಯಾಹ್ನ. ನಾನು ಒಲೆಯ ಮುಂದೆ ಚಪಾತಿ ಬೇಯಿಸುತ್ತಿದ್ದೆ. ಅಣ್ಣ ಊಟದ ಮೇಜಿನಲ್ಲಿ ಕುಳಿತು ಅದರ ಮೇಲಿನ ಪ್ಲಾಸ್ಟಿಕ್ಕನ್ನು ಉಗುರಿನಿಂದ ನಿಧಾನವಾಗಿ ಬಿಡಿಸಿದ. ಅಕ್ಷರ ಚಿಕ್ಕದಿತ್ತು. ಹೈಸ್ಕೂಲಿಗೆ ಹೋಗುವ ನನ್ನ ಮಗಳನ್ನು ಕರೆದು ಓದಿಸಿದ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಇದು ನಂದು. ಇದರ ಕೆಳಗೆ ಎಂತ ಬರ್ದಿದ್ದಾರೆ ನೋಡು ಮಗಾ."

"ಇಟ್ ಸೇಸ್ ಟ್ರಡಿಷನಲ್, ಮಾಮ."

"ಹಾಗೆಂದ್ರೆ?"

"ಲೈಕ್, ನೋಬಡಿ ರೋಟ್ ಇಟ್. ಇಟ್ಸ್ ಜಸ್ಟ್ ಓಲ್ಡ್."

ಯಾರೂ ಬರೆದದ್ದಲ್ಲ, ಸುಮ್ಮನೆ ಹಳೆಯದು. ಅಣ್ಣ ಇನ್ನೊಮ್ಮೆ ಓದಿಸಿದ. ಬೇರೆ ಎಲ್ಲಾದರೂ ತನ್ನ ಹೆಸರು ಇದೆಯೇ ನೋಡು ಎಂದ. ಕಡೆಯಲ್ಲಿ ಧನ್ಯವಾದದ ಸಾಲಿನಲ್ಲಿ, ಹಾಲಿನ ಬೀಗದ ಕೈ ಇಟ್ಟುಕೊಂಡವರ ಹೆಸರಿನ ಪಕ್ಕ ಇತ್ತು. ನಾನು ತವೆಯ ಕಡೆ ಮುಖ ಮಾಡಿ ನಿಂತೇ ಇದ್ದೆ. ಚಪಾತಿ ಸುಟ್ಟುಹೋಯಿತು.

"ಯಾರು ಹೀಗೆ ಹಾಕಿದ್ದು?" ಎಂದು ಕೇಳಿದ. ನನ್ನನ್ನು ಸಂಶಯಪಟ್ಟು ಕೇಳಿದ್ದಲ್ಲ. ಅವನಿಗೆ ಅಂಥದ್ದು ಹೊಳೆಯುತ್ತಿರಲಿಲ್ಲ.

"ನಾನು ಹೇಳಿದ್ದೆ" ಎಂದೆ. "ಅವರೇ ಹೀಗೆ ಹಾಕಿರ್ಬೇಕು."

ಅವನು ಡಿಸ್ಕಿನ ಹಾಳೆಯನ್ನು ಮೇಜಿನ ಮೇಲೆ ಒತ್ತಿ ಹಿಡಿದ. ಮತ್ತೆ ಆ ಹಾಳೆಯ ಮೇಲೆ ಬೆರಳು ಓಡಿಸಿ, ವಾದಕರ ಪಟ್ಟಿಯ ಕಡೆಯ ಸಾಲಿನಲ್ಲಿ ನಿಲ್ಲಿಸಿದ. ಆ ಹೆಸರನ್ನು ಮಗಳಿಂದ ಓದಿಸಲಿಲ್ಲ, ತಾನೇ ಅಕ್ಷರ ಕೂಡಿಸಿ ಓದಿದ.

"ನಿನ್ನ ಹೆಸರು ಉಂಟು ನೋಡು. ಸ್ಪೆಲಿಂಗ್ ಸಹ ಸರಿ ಉಂಟು."

ಅವನಿಗೆ ನಿಜವಾಗಿ ಸಂತೋಷವಾಗಿತ್ತು. ನಾನು ತಿರುಗಿ ಅವನ ಮುಖ ನೋಡಿದೆ, ಅದಕ್ಕೇ ಹೇಳುತ್ತಿದ್ದೇನೆ. ಆಗ ಅವನು ಒಂದು ಮಾತು ಬೈದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಇಲ್ಲ, ಬಿಡುತ್ತಿರಲಿಲ್ಲ.

ಆ ಭಾನುವಾರ ಅವನು ಕಾರು ಹತ್ತಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಮಾಸ್ತರ ಫೋನು ಬಂದರೆ ಪರದೆಯ ಮೇಲಿನ ಹೆಸರು ನೋಡಿ, ಫೋನನ್ನು ಮಗುಚಿ ಇಡುತ್ತಿದ್ದ. ಅದು ಮೇಜಿನ ಮೇಲೆ ಗುರುಗುಟ್ಟಿ ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದ. "ಒಳ್ಳೆ ಮನುಷ್ಯ ಅಂತ ಎಣಿಸಿದ್ದೆ" ಎಂದು ಒಂದು ಸಲ ಹೇಳಿದ. ಮತ್ತೊಂದು ಸಲ, "ಪಾಪ, ಅವರಿಗೂ ಆಸೆ ಇರ್ತದೆ. ತನ್ನ ಊರಿನದ್ದೇ ಅಂತ ಆಗ್ಬೇಕು ಅಂತ" ಎಂದ. ಅಣ್ಣನಿಗೆ ಈ ದೇಶದಲ್ಲಿ ಇದ್ದ ಗೆಳೆಯರೆಂದರೆ ಆ ಒಬ್ಬರು. ಹೆಸರನ್ನು ತೆಗೆದದ್ದು ನಾನು ಒಂದು ಸಿಟ್ಟಿನಲ್ಲಿ ಮಾಡಿದ್ದು, ಒಂದು ಗಳಿಗೆಯದ್ದು. ಗೆಳೆಯನನ್ನು ತೆಗೆದದ್ದು ಹಾಗಲ್ಲ. ಅದನ್ನು ಪ್ರತಿ ಫೋನಿಗೂ ಮತ್ತೊಮ್ಮೆ ಮಾಡಿದೆ. ಒಂದು ವರ್ಷಕ್ಕೂ ಮಿಕ್ಕಿ.

ವಾಷಿಂಗ್ ಮಷಿನ್ ಕುಂಟಿದಾಗ ಅವನು ಎದ್ದು ಬರುವುದನ್ನು ಬಿಟ್ಟ. ನಾನೇ ಹೋಗಿ ನಿಲ್ಲಿಸಿ, ಬಟ್ಟೆ ಸರಿಮಾಡಿ ಹಾಕುತ್ತಿದ್ದೆ.

ಅವನು ತೀರಿಕೊಂಡ ಮೇಲೆ ಮಾಸ್ತರು ಬಸ್ಸು, ಟ್ರೈನು ಬದಲಾಯಿಸಿಕೊಂಡು ನಮ್ಮ ಮನೆಗೆ ಬಂದರು. ಟೋಪಿ ಕೈಯಲ್ಲಿ ಹಿಡಿದು ಅಣ್ಣನ ಫೋಟೊದ ಮುಂದೆ ನಿಂತರು. "ನಾನು ಏನು ಮಾಡಿದೆ? ನಿನಗೆ ಗೊತ್ತಾ?" ಎಂದು ಕೇಳಿದರು.

"ಏನಿಲ್ಲ. ಅವನಿಗೆ ಸುಸ್ತು ಇತ್ತು" ಎಂದೆ. ಕಾಫಿ ಮಾಡಿ ಕೊಟ್ಟೆ.

ಕಳೆದ ವರ್ಷ ಅವರು ಅದೇ ಹಾಲಿನಲ್ಲಿ ಒಂದು ಸಂಗೀತ ಕಚೇರಿ ಇಟ್ಟುಕೊಂಡರು. ನನ್ನನ್ನೂ ಕರೆದಿದ್ದರು, ಕೇಳುವುದಕ್ಕೆ. ಅಣ್ಣನ ರಚನೆ ಬಂತು. "ನಮ್ಮ ತೀರಿಹೋದ ಗೆಳೆಯನ ನಾಡಿನ ಹಳೆಯ ಹಾಡು" ಎಂದು ಮಾಸ್ತರು ಹೇಳಿದರು. ನನ್ನ ಪಕ್ಕದಲ್ಲಿ ಕುಳಿತ ಹುಡುಗಿ, ಅಲ್ಲಿಯ ಯೂನಿವರ್ಸಿಟಿಯಲ್ಲಿ ಸಂಗೀತ ಓದುವವಳು, ತನ್ನ ಗೆಳತಿಗೆ ಹೇಳುತ್ತಿದ್ದಳು, ಇದು ಅವರ ಕ್ಲಾಸಿನಲ್ಲೂ ಬಂದಿತ್ತು, ತುಂಬ ಪುರಾತನದ್ದು ಎಂದು. ಬ್ಯಾಂಡು ಶುರುವಾಯಿತು. ಹನ್ನೊಂದು ಸರಿಯಿತ್ತು. ಆದರೆ ನಡುವಿನ ಮೂರನ್ನು ದಾಟಿ ಓಡಿದರು. ಅವರ ಏಳು ಇತ್ತು, ನಮ್ಮ ಏಳು ಸತ್ತಿತ್ತು. ಇಡೀ ಹಾಲಿನಲ್ಲಿ ಅದು ಗೊತ್ತಾಗುವವಳು ನಾನೊಬ್ಬಳೇ. ಕೈ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆ. ಜನ ಚಪ್ಪಾಳೆ ಹಾಕಿದರು.

ಮುಂದಿನ ಭಾನುವಾರ ನಾನು ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಅಭ್ಯಾಸ ಇನ್ನೂ ಶುರುವಾಗಿರಲಿಲ್ಲ. ಮಾಸ್ತರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಫಾರಮ್ಮಿನ ವಿಷಯ, ಕಾರಿನಲ್ಲಿ ಅವನು ಹೇಳಿದ ಮಾತು, ಡಿಸ್ಕ್ ಬಂದ ದಿನ ನಾನು ಹೇಳಿದ್ದು, ಅವನು ಫೋನು ಮಗುಚಿ ಇಡುತ್ತಿದ್ದದ್ದು. ನನ್ನ ಇಂಗ್ಲಿಷಿನಲ್ಲಿ ಇದು ತುಂಬ ಹೊತ್ತು ಹಿಡಿಯಿತು. ಮುಗಿದ ಮೇಲೆ ಅವರು ಸ್ಟ್ಯಾಂಡಿನ ಮೇಲಿದ್ದ ಹಾಳೆ ತೆಗೆದು, ಮೇಲಿನ ಮೂಲೆಯಲ್ಲಿದ್ದ 'ಟ್ರಡಿಷನಲ್' ಎಂಬುದರ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪೆನ್ಸಿಲ್ ನನ್ನ ಕೈಗೆ ಕೊಟ್ಟರು.

"ಬರೆ."

ಅವನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಿದ್ದ ಎಂದು ನನಗೆ ನೆನಪಿರಲಿಲ್ಲ. ಕನ್ನಡದಲ್ಲಿ ಬರೆದೆ.

"ಇನ್ನೂ ಹದಿನೇಳು ಇವೆ" ಎಂದರು.

ಒಂದೊಂದು ಸ್ಟ್ಯಾಂಡಿನ ಮುಂದೆ ಬಗ್ಗಿ ಹದಿನೇಳು ಹಾಳೆಗಳಲ್ಲೂ ಗೆರೆ ಎಳೆದು ಬರೆದೆ. ಆ ಹೊತ್ತಿಗೆ ಬಂದವರೆಲ್ಲ ವಾದ್ಯ ಹಿಡಿದು ಕಾಯುತ್ತ ನಿಂತಿದ್ದರು. ಬರೆದು ಮುಗಿಸಿ ಪೆನ್ಸಿಲ್ ತಿರುಗಿ ಕೊಡುವಾಗ ನಾನು ಕ್ಷಮಿಸಿ ಎಂದೆ. ಮಾಸ್ತರು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು.

"ಹೆಸರು ಹಾಕಬಹುದು" ಎಂದರು. "ಹೊಸ ಡಿಸ್ಕ್ ಮಾಡಿದರೆ ಅದರಲ್ಲೂ ಹಾಕಬಹುದು. ಆದರೆ ಅವನು ಇನ್ನು ಫೋನು ಎತ್ತುವುದಿಲ್ಲ."

ಆಮೇಲೆ ಅವರು ನನ್ನ ಹಳೆಯ ಕುರ್ಚಿಯನ್ನು ಕಾಲಿನಿಂದ ಡ್ರಮ್ಮಿನ ಪಕ್ಕಕ್ಕೆ ನೂಕಿದರು. ನನ್ನ ಕಡೆ ನೋಡಲಿಲ್ಲ. "ಇವರಿಗೆ ಮೂರು ಸಿಕ್ಕುತ್ತಿಲ್ಲ. ಕೂತು ಎಣಿಸು" ಎಂದರು.

ಕುಳಿತೆ. ಡ್ರಮ್ಮಿನವನು ತನ್ನ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಆ ಅಕ್ಷರಗಳನ್ನು ನೋಡುತ್ತಿದ್ದ. ಹೇಗೆ ಓದುವುದು ಎಂದು ಕೇಳಿದ. ಜೀವಮಾನದಲ್ಲಿ ಮೊದಲ ಸಲ ನಾನು ಅಣ್ಣನ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಅವನು ಅದನ್ನು ತಿರುಗಿ ಹೇಳಿದ. ನಡುವಿನ ಅಕ್ಷರವನ್ನು ಅವಸರದಲ್ಲಿ ನುಂಗಿದ. ನಾನು ತಿದ್ದಿದೆ. ಮತ್ತೆ ನುಂಗಿದ. ಮತ್ತೆ ತಿದ್ದಿದೆ.